ಏಳು ಟೋಪಿ, ಒಂದು ಗೂಡು

ಏ ಕೇಳ್ರೋ, ಕೇಳ್ರೇ, ಸ್ವಲ್ಪ ಇಲ್ಲಿ ನೋಡ್ರಿ! ಈಗಷ್ಟೇ, ಅಂದ್ರೆ ಈಗಿಂದೀಗ, ಒಂದು ವಿಷಯ ಆಗೋಯ್ತು. ಹೇಳಿದ್ರೆ ನೀವು ನಂಬಲ್ಲ. ನಂಗೇ ನಂಬಕ್ಕಾಗ್ತಿಲ್ಲ. ಮೂರು ಸಲ ಹೋಗಿ ಕೊಕ್ಕಲ್ಲಿ ಮುಟ್ಟಿ ನೋಡ್ಕೊಂಡು ಬಂದೆ. ನಾನು ಒಂದು ಗೂಡು ಮುಗಿಸಿದೆ! ಪೂರ್ತಿ!

ನಗಬೇಡಿ. "ಗೀಜಗ ಅಂದ್ಮೇಲೆ ಗೂಡು ಕಟ್ಟದೆ ಇನ್ನೇನು ಮಾಡ್ತಾನೆ" ಅಂತೀರಾ ತಾನೆ? ಕಟ್ಟೋದೇ ಬೇರೆ, ಮುಗಿಸೋದೇ ಬೇರೆ. ತಾಳಿ, ಮೊದಲಿಂದ ಹೇಳ್ತೀನಿ. ಒಂಚೂರು ಉಸಿರು ತಗೊಳ್ತೀನಿ. ಹಾಂ, ಆಯ್ತು.

ಊರಾಚೆ ಒಂದು ಕೆರೆ. ಕೆರೆ ಏರಿ ಮೇಲೆ ಒಂದು ಈಚಲ ಮರ. ಅದು ನೀರಿನ ಕಡೆಗೆ ಬಾಗಿ ನಿಂತಿದೆ, ತನ್ನ ಮುಖ ತಾನೇ ನೋಡ್ಕೊಳ್ತಿರೋ ಹಾಗೆ. ಆ ಮರದಲ್ಲೇ ನಾವು ಗೀಜಗಗಳೆಲ್ಲ ಇರೋದು. ನನ್ನ ಹೆಸರು ಬಿರುಸ. ನನ್ನ ತಲೆಗೆ ಹಳದಿ ಬಣ್ಣ ಬಂದಿದ್ದು ಈ ವರ್ಷವೇ. ನಮ್ಮಲ್ಲಿ ತಲೆ ಹಳದಿ ಆಯ್ತು ಅಂದ್ರೆ ಗೂಡು ಕಟ್ಟೋ ವಯಸ್ಸು ಬಂತು ಅಂತ.

ನಮ್ಮ ಗೂಡು ಹೇಗೆ ಅಂತ ಗೊತ್ತಾ? ಹಸಿ ಹುಲ್ಲನ್ನ ಕೊಕ್ಕಲ್ಲಿ ಕಚ್ಚಿ ಸರ್ರಂತ ಸೀಳಿ ತರಬೇಕು. ಹಸೀದೇ ಆಗ್ಬೇಕು, ಒಣಗಿದ್ದು ಬಗ್ಗಿಸಿದ್ರೆ ಪಟ್ ಅಂತ ಮುರಿಯುತ್ತೆ. ಆ ಸೀಳನ್ನ ಈಚಲ ಗರಿ ತುದಿಗೆ ಗಂಟು ಹಾಕ್ಬೇಕು. ಗಂಟಿಂದ ಒಂದು ಬಳೆ ಹೆಣೀಬೇಕು. ಬಳೆ ಮೇಲೆ ಒಂದು ಟೋಪಿ.

ಟೋಪಿ ಆಯ್ತಾ? ಅಲ್ಲಿಗೆ ನಿಲ್ಲಿಸ್ಬೇಕು! ಇದು ನಮ್ಮಲ್ಲಿ ಪದ್ಧತಿ. ಗಂಡು ಹಕ್ಕಿ ಟೋಪಿ ಕಟ್ಟಿ, ರೆಕ್ಕೆ ಬಡಿದು, ಜೋರಾಗಿ ಕೂಗ್ತಾನೆ. ಹೆಣ್ಣು ಹಕ್ಕಿ ಬಂದು ಬಳೆ ಮೇಲೆ ಕೂತು, ಎಳೆದು, ಜಗ್ಗಿ, ತಲೆ ಒಳಗೆ ಹಾಕಿ ನೋಡ್ತಾಳೆ. ಅವಳು "ಹೂಂ" ಅಂದ್ರೆ ಮಾತ್ರ ಮುಂದಿನ ಕೆಲಸ. ಮೊಟ್ಟೆ ಇಡೋಕೆ ಹೊಟ್ಟೆ ಹೆಣೀಬೇಕು. ಮೊಟ್ಟೆ ಉರುಳಿ ಹೋಗ್ದೇ ಇರಲಿ ಅಂತ ಹೊಟ್ಟೆಗೆ ಒಂದು ಅಡ್ಡಕಟ್ಟೆ ಹಾಕ್ಬೇಕು. ಆಮೇಲೆ ಒಳಗೆ ಹೋಗಿ ಬರೋಕೆ ಕೆಳಗಡೆಗೆ ಉದ್ದ ತೋಳು.

ಅರ್ಧಕ್ಕೆ ನಿಲ್ಲಿಸೋದೇ ಪದ್ಧತಿ ಅಂದ್ಮೇಲೆ ನಂಗಿನ್ನೇನು ಬೇಕು! ನಾನು ಟೋಪಿ ಕಟ್ಟೋದ್ರಲ್ಲಿ ಎಕ್ಸ್‌ಪರ್ಟ್ ಆಗ್ಬಿಟ್ಟೆ. ಒಂದು ಟೋಪಿ ಕಟ್ಟಿದೆ, ಸ್ವಲ್ಪ ಸೊಟ್ಟ ಅನ್ನಿಸ್ತು, ಬಿಟ್ಟೆ. ಪಕ್ಕದ ಗರಿ ಗಾಳಿಗೆ ಎಷ್ಟು ಚೆನ್ನಾಗಿ ತೂಗಾಡ್ತಿತ್ತು ಅಂದ್ರೆ, ಅಲ್ಲೊಂದು ಶುರು ಮಾಡ್ದೆ. ಆಮೇಲೆ ಎರಡು ಬಾಗಿಲಿರೋ ಗೂಡು ಯಾಕಿರಬಾರದು ಅಂತ ಹೊಳೀತು. ಅಯ್ಯೋ, ಆವತ್ತು ನಂಗೆ ಊಟನೇ ಸೇರ್ಲಿಲ್ಲ! ಎರಡು ಬಾಗಿಲಿಂದೂ ಟೋಪಿಗೇ ನಿಂತೋಯ್ತು. ಆಮೇಲಿಂದು ಕಣಜದ ಗೂಡು ನೋಡಿ ಹೊಳೆದಿದ್ದು, ಅದರ ಆಮೇಲಿನ ಎರಡು ಯಾಕೆ ಶುರು ಮಾಡಿದ್ದು ಅಂತ ನಂಗೇ ನೆನಪಿಲ್ಲ. ಒಟ್ಟು ಆರು ಟೋಪಿ. ಹೊಟ್ಟೆ? ಒಂದಕ್ಕೂ ಇಲ್ಲ.

ಮರದ ಕೆಳಗಿನ ಗರಿ ಮೇಲೆ ಮಿಂಚುಳ್ಳಿ ಮಾಮ ಕೂತಿರ್ತಾನೆ. ಮೀನು ಹಿಡಿಯೋದು ಅವನ ಕೆಲಸ, ನನ್ನ ಕಾಲೆಳೆಯೋದು ಅವನ ಹವ್ಯಾಸ.

"ಏನೋ ಬಿರುಸ, ಇವತ್ತು ಯಾವ ಗರಿಗೆ ಗುದ್ದಲಿ ಪೂಜೆ?"

"ಮಾಮ, ಇದು ನೋಡು, ಈ ಸಲ ಬೇರೆ ಥರ!"

"ಹೋದ ಸಲನೂ ಬೇರೆ ಥರವೇ ಆಗಿತ್ತು ಕಣೋ. ಗೃಹಪ್ರವೇಶಕ್ಕೆ ಕರೀತೀಯ ಅಂತ ನಾನು ಹೊಟ್ಟೆ ಖಾಲಿ ಇಟ್ಕೊಂಡು ಕಾಯ್ತಾ ಇದೀನಿ, ಹೀಗೇ ಕಾದ್ರೆ ನಾನು ಒಣಮೀನು ಆಗೋಗ್ತೀನಿ!"

ಎಲ್ಲರೂ ಕಿಸಕ್ಕಂತ ನಕ್ರು. ನಂಗೆ ಕಿವಿ ಬಿಸಿ ಆಯ್ತು. ಹಕ್ಕಿಗೆ ಕಿವಿ ಎಲ್ಲಿದೆ ಅನ್ಬೇಡಿ, ಇದೆ, ಪುಕ್ಕದ ಒಳಗಿದೆ.

ಅಷ್ಟರಲ್ಲಿ ಹೊಂಬಿ ಬಂದ್ಲು.

ಹೊಂಬಿ ಅಂದ್ರೆ ಆಚೆ ದಡದ ಜಾಲಿ ಮರದ ಹುಡುಗಿ. ಮಾತು ಕಡಿಮೆ, ನೋಟ ಜಾಸ್ತಿ. ಅವಳು ನನ್ನ ಆರೂ ಟೋಪಿ ಮೇಲೆ ಒಂದೊಂದಾಗಿ ಕೂತ್ಲು. ಎಳೆದ್ಲು. ಜಗ್ಗಿದ್ಲು. ನಾನು ಹಿಂದೇ ಹಿಂದೇ ಹಾರ್ಕೊಂಡು "ಇದಕ್ಕೆ ಎರಡು ಬಾಗಿಲು ಬರುತ್ತೆ, ಇದು ನೋಡು, ಇದು ತೂಗುತ್ತೆ" ಅಂತ ಬಡಬಡ ಹೇಳ್ತಾನೇ ಇದ್ದೆ. ಅವಳು ಕೊನೆಗೆ ಹೋಗಿ ಕೂತಿದ್ದು ಎಲ್ಲಿ ಗೊತ್ತಾ? ಮೊದಲನೇದ್ರಲ್ಲಿ! ಆ ಸೊಟ್ಟ ಟೋಪೀಲಿ!

"ಇದು ಸಾಕು," ಅಂದ್ಲು.

"ಇದಾ? ಇದು ಸೊಟ್ಟ ಇದೆ!"

"ಗಂಟು ಗಟ್ಟಿ ಇದೆ. ಸೊಟ್ಟ ಇದ್ರೆ ಮೊಟ್ಟೆಗೇನು ಗೊತ್ತಾಗುತ್ತೆ? ಯಾವಾಗ ಮುಗಿಸ್ತೀಯ?"

"ಎರಡೇ ದಿನ!" ಅಂದೆ. ನಿಜವಾಗ್ಲೂ ಮನಸಾರೆ ಅಂದೆ.

ಮೊದಲನೇ ದಿನ ಹೆಂಗೆ ಕೆಲಸ ಮಾಡಿದೆ ಅಂತೀರಿ! ಏರಿ ಕೆಳಗೆ ಹುಲ್ಲಿತ್ತು, ಅಲ್ಲಿಂದ ಮರಕ್ಕೆ, ಮರದಿಂದ ಹುಲ್ಲಿಗೆ, ನೂರು ಸಲ ಹಾರಿದೆ. ಹೊಟ್ಟೆಯ ತಳ ಬಂತು. ಎರಡನೇ ದಿನ ಅರ್ಧ ಗೋಡೆ ಬಂತು. ಮೂರನೇ ದಿನ... ಬೇಜಾರು ಬಂತು.

ಸುಮ್ನೆ ಹೇಳ್ತಿಲ್ಲ, ಎಂಥ ಬೇಜಾರು! ಗಂಟು ಹಾಕುವಾಗ ಮಜಾ ಇರುತ್ತೆ. ಟೋಪಿ ಕಟ್ಟುವಾಗ ಎಲ್ಲರೂ ನೋಡ್ತಾರೆ. ಹೊಟ್ಟೆ ಹೆಣೆಯುವಾಗ ಯಾರೂ ನೋಡಲ್ಲ. ಒಳಗೆ ಕತ್ಲೆ, ಸೆಖೆ. ಮೇಲೆ, ಕೆಳಗೆ, ಮೇಲೆ, ಕೆಳಗೆ, ಅದೇ ಸೀಳು, ಅದೇ ಹೆಣಿಗೆ. ನೋಡಿದ್ರೆ ಗೂಡಿನ ಹಾಗೂ ಇಲ್ಲ, ಟೋಪಿ ಹಾಗೂ ಇಲ್ಲ, ಯಾರೋ ಹರಿದು ಬಿಸಾಕಿದ ಚೀಲದ ಹಾಗಿತ್ತು. ನನ್ನ ತಲೇಲಿ ಇದ್ದ ಗೂಡೆಲ್ಲಿ, ಇದೆಲ್ಲಿ!

ನಮ್ಮ ಮರದ ಹಿರಿಯ ಗಂಟಜ್ಜ. ಅವನು ಹಾಕಿದ ಗಂಟು ಯಾವ ಗಾಳಿಗೂ ಬಿಚ್ಚಿಕೊಂಡಿಲ್ಲ, ಅದಕ್ಕೇ ಆ ಹೆಸರು. ನಾನು ಅವನ ಹತ್ರ ಹೋದೆ.

"ಅಜ್ಜ, ಈ ಗೂಡು ಸರಿ ಬರಲ್ಲ ಅನ್ಸುತ್ತೆ."

"ಯಾಕಪ್ಪಾ?"

"ಬೇಜಾರಾಗ್ತಿದೆ. ಚೆನ್ನಾಗಿರೋ ಗೂಡಾಗಿದ್ರೆ ಬೇಜಾರು ಆಗ್ತಿರಲಿಲ್ಲ, ಅಲ್ವಾ?"

ಗಂಟಜ್ಜ ಗೊಳ್ಳಂತ ನಕ್ಕ. "ಮಗಾ, ನಾನು ಇಪ್ಪತ್ತು ಗೂಡು ಕಟ್ಟಿದೀನಿ. ಇಪ್ಪತ್ತಕ್ಕೂ ಹೊಟ್ಟೆ ಹೆಣೆಯೋವಾಗ ಬೇಜಾರಾಗಿದೆ. ಅದು ಗೂಡಿನ ತಪ್ಪಲ್ಲ. ಅಲ್ಲಿಗೆ ಬಂದಾಗ ಬೇಜಾರಾಗುತ್ತೆ, ಅಷ್ಟೇ. ಮಳೆಗಾಲದಲ್ಲಿ ಏರಿ ಮೇಲೆ ಕೆಸರಿರುತ್ತಲ್ಲ, ಹಾಗೆ. ಕಾಲೆತ್ತಿ ಕಾಲಿಡು, ದಾಟ್ತೀಯ."

ಅಜ್ಜ ಹೇಳಿದ್ದು ಕೇಳಿಸ್ತು. ಆದ್ರೆ ನನ್ನ ಕಣ್ಣು ಆಗಲೇ ಎಲ್ಲೋ ಇತ್ತು. ಅಜ್ಜನ ಹಿಂದೆ, ಮರದ ಆಚೆ ಬದೀಲಿ, ಯಾರೂ ಮುಟ್ಟದ ಒಂದು ಹೊಸ ಗರಿ! ಹಸುರು ಅಂದ್ರೆ ಹಸುರು! ಅಷ್ಟೇ, ಮಿಂಚು ಹೊಡೆದ ಹಾಗೆ ತಲೆಗೆ ಬಂತು. ಒಂದೊಂದು ಸೀಳು ಹೆಣೆಯೋ ಬದಲು ಮೂರು ಮೂರು ಸೇರಿಸಿ ಜಡೆ ಹಾಕಿದ್ರೆ? ಜಡೆ ಗಂಟು! ಯಾವ ಗೀಜಗನೂ ಹಾಕಿಲ್ಲ!

ಹೊಂಬಿಗೆ ಹೇಳಲಿಲ್ಲ. "ಹುಲ್ಲು ತರ್ತೀನಿ" ಅಂತ ಹೋಗೋದು, ಆಚೆ ಬದಿಗೆ ತಿರುಗೋದು. ಅವಳು "ಎಲ್ಲಿಗೆ ಬಂತು?" ಅಂದ್ರೆ "ನಾಳೆ" ಅನ್ನೋದು. ಮೂರು ನಾಳೆ ಹೀಗೇ ಹೋಯ್ತು. ಆಚೆ ಬದೀಲಿ ನನ್ನ ಏಳನೇ ಟೋಪಿ ಎದ್ದು ನಿಲ್ತು. ಏನು ಚೆಂದ! ಬಿಸಿಲಿಗೆ ಹೊಳೀತಿತ್ತು. ಹಕ್ಕಿಗಳೆಲ್ಲ ಬಂದು ನೋಡಿದ್ರು. ಸುಮ್ನೆ ಬೈಯೋ ಮಿಂಚುಳ್ಳಿ ಮಾಮ ಕೂಡ ಕೊಕ್ಕು ತೆರೆದು ನೋಡಿ, "ಲೇ, ಇದು ಚೆನ್ನಾಗಿದೆ ಕಣೋ" ಅಂದ. ಮಾಮ! ಮಾಮನ ಬಾಯಲ್ಲಿ! ನಂಗೆ ಎದೆ ಉಬ್ಬಿ ಪುಕ್ಕ ಉದುರೋದೊಂದು ಬಾಕಿ.

ಅದರ ಮಾರನೇ ದಿನ ಬೆಳಿಗ್ಗೆ ಹೊಂಬಿ ನನ್ನ ಕರೆದ್ಲು.

"ಬಿರುಸ, ಇಲ್ಲಿ ಬಾ."

ಹೋದೆ. ಆ ಸೊಟ್ಟ ಗೂಡಿನ ಅರ್ಧ ಹೊಟ್ಟೇಲಿ, ಬಿಳೀ ಬಣ್ಣದ, ನನ್ನ ಕಣ್ಣಿಗಿಂತ ಸ್ವಲ್ಪ ದೊಡ್ಡದಾಗಿ... ಊಂ, ಕಣ್ಣಿಗಿಂತ ತುಂಬಾನೇ ದೊಡ್ಡದಾಗಿ... ಒಂದು ಮೊಟ್ಟೆ!

"ಇದೇನು?" ಅಂದೆ. ಪೆದ್ದನ ಹಾಗೆ.

"ಏನು ಅಂದ್ರೆ? ಕಲ್ಲು ಅನ್ಕೊಂಡ್ಯಾ?" ಹೊಂಬಿಗೆ ಸಿಟ್ಟು ಬಂದಿತ್ತು, ಆದ್ರೆ ದನಿ ಎತ್ತಲಿಲ್ಲ. "ನೀನು ಎರಡು ದಿನ ಅಂದೆ. ಮೊಟ್ಟೆಗೆ ನಿನ್ನ ನಾಳೆ ಗೊತ್ತಾಗಲ್ಲ ಬಿರುಸ. ಬರೋ ಹೊತ್ತಿಗೆ ಬಂತು. ಅಡ್ಡಕಟ್ಟೆ ಎಲ್ಲಿ?"

ಅಡ್ಡಕಟ್ಟೆ ಇರಲಿಲ್ಲ. ಮೊಟ್ಟೆ ಪಕ್ಕಕ್ಕೆ ಉರುಳಿದ್ರೆ ಅದಕ್ಕೂ ಕೆಳಗಿನ ಕೆರೆ ನೀರಿಗೂ ನಡುವೆ ಏನೂ ಇರಲಿಲ್ಲ. ಗಾಳಿ ಸುಮ್ನಿದ್ರೆ ಸರಿ. ಗಾಳಿ ಬಂದ್ರೆ?

"ಇವತ್ತೇ! ಮಧ್ಯಾಹ್ನದೊಳಗೆ!" ಅಂತ ಹುಲ್ಲಿಗೆ ಹಾರಿದೆ.

ಹುಲ್ಲೇ ಇಲ್ಲ!

ಏರಿ ಕೆಳಗೆ, ದಿನಾ ನಾವು ಸೀಳು ತರ್ತಿದ್ವಲ್ಲ, ಆ ಇಡೀ ಜಾಗ ಬೋಳು. ಬೆಳಿಗ್ಗೆನೇ ಯಾರೋ ದನಕ್ಕೆ ಅಂತ ಕುಡುಗೋಲು ಹಿಡ್ಕೊಂಡು ಬಂದು, ಕೊಯ್ದು, ಹೊರೆ ಕಟ್ಟಿಕೊಂಡು ಹೋಗಿದ್ರು. ಉಳಿದಿದ್ದು ಬರೀ ಮೋಟು. ಇನ್ನು ಹಸಿ ಹುಲ್ಲು ಅಂದ್ರೆ ಕೆರೆ ದಾಟಿ, ಕಾಲುವೆ ದಾಟಿ, ಗದ್ದೆ ಬದುವಿಗೇ ಹೋಗ್ಬೇಕು. ಹೋಗೋಣ ಅಂತ ರೆಕ್ಕೆ ಬಿಚ್ಚಿದೆ.

ಆಗ ಪಡುವಣದಿಂದ ಗಾಳಿ ಬಂತು.

ಸುಮ್ನೆ ಬೀಸೋ ಗಾಳಿ ಅಲ್ಲ. ಕಪ್ಪು ಮೋಡನ ಎಳ್ಕೊಂಡು, ಧೂಳು ಎಬ್ಬಿಸ್ಕೊಂಡು, ಧಡಧಡ ಅಂತ ಬಂತು. ನಾನು ಕೆರೆ ಅರ್ಧ ದಾಟೋ ಅಷ್ಟರಲ್ಲಿ ನನ್ನ ಎತ್ತಿ ಹಿಂದಕ್ಕೆ ಎಸೀತು. ಇನ್ನೊಂದ್ಸಲ ಹೋದೆ, ಇನ್ನೊಂದ್ಸಲ ಎಸೀತು. ತಿರುಗಿ ನೋಡ್ತೀನಿ, ಈಚಲ ಮರದ ಗೂಡೆಲ್ಲ ಗಂಟೆ ಥರ ತೂಗಾಡ್ತಿವೆ. ನಮ್ಮ ಸೊಟ್ಟ ಗೂಡು ಒಂದ್ಸಲ ಈ ಕಡೆ, ಒಂದ್ಸಲ ಆ ಕಡೆ. ಹೊಂಬಿ ಒಳಗೆ ಹೋಗಿ, ಅಡ್ಡಕಟ್ಟೆ ಇರ್ಬೇಕಾದ ಜಾಗದಲ್ಲಿ ತಾನೇ ಅಡ್ಡ ಮಲಗಿದ್ಲು. ರೆಕ್ಕೆ ಎರಡೂ ಅಗಲಿಸಿ, ಕಾಲಲ್ಲಿ ಹೆಣಿಗೆ ಕಚ್ಚಿ ಹಿಡ್ಕೊಂಡು, ಬೆನ್ನಿಗೆ ಮೊಟ್ಟೆ ಆನಿಸ್ಕೊಂಡು.

"ಹೊಂಬಿ! ಎಷ್ಟು ಹೊತ್ತು ಹಿಡ್ಕೊಳ್ತೀಯ?"

"ನಂಗೇನು ಗೊತ್ತು! ಕಾಲು ಜಾರ್ತಿದೆ! ಏನಾದ್ರೂ ತಗೊಂಡು ಬಾ!"

"ಹುಲ್ಲಿಲ್ಲ! ಎಲ್ಲೂ ಇಲ್ಲ!"

"ಹಳೇ ಟೋಪಿ ಬಿಚ್ಚೋ!" ಅಂತ ಗಂಟಜ್ಜ ತನ್ನ ಗೂಡಿಂದ ಕೂಗಿದ. 

ಹೌದಲ್ವಾ! ಎರಡು ಬಾಗಿಲಿನ ಟೋಪಿಗೆ ಹೋಗಿ ಎಳೆದೆ. ಪಟ್. ಮುರೀತು. ತೂಗೋ ಟೋಪಿ, ಪಟ್. ಕಣಜದ ಟೋಪಿ, ಪಟ್, ಪುಡಿ ಪುಡಿ. ಎಲ್ಲ ಒಣಗಿ ಕಡ್ಡಿಯಾಗಿ ಹೋಗಿದ್ವು. ನಾನು ಎಷ್ಟೊಂದು ಖುಷಿಯಿಂದ ತಂದ ಹುಲ್ಲು, ಒಂದಾದ್ರೂ ಕೆಲಸಕ್ಕೆ ಬರಬೇಡ್ವಾ!

ಇಡೀ ಮರದಲ್ಲಿ ಹಸಿಯಾಗಿ, ಬಗ್ಗೋ ಹಾಗಿದ್ದಿದ್ದು ಒಂದೇ ಒಂದು. ನಿಮಗೆ ಗೊತ್ತಾಯ್ತು ತಾನೆ? ನಂಗೂ ಗೊತ್ತಾಯ್ತು. ಗೊತ್ತಾಗಬಾರದಿತ್ತು ಅನ್ನಿಸ್ತು.

ಆಚೆ ಬದಿಗೆ ಹಾರಿ ನನ್ನ ಏಳನೇ ಟೋಪಿ ಮೇಲೆ ಕೂತೆ. ಗಾಳಿಗೆ ಅಷ್ಟು ತೂಗಾಡ್ತಿದ್ರೂ ಅದರ ಒಂದು ಎಳೆನೂ ಸಡಿಲ ಆಗಿರಲಿಲ್ಲ. ಜಡೆ ಗಂಟು ಅಂದ್ರೆ ಹಾಗೆ! ಇಂಥದ್ದನ್ನ ನಾನು ಯಾವತ್ತೂ ಕಟ್ಟಿರಲಿಲ್ಲ. ಮುಂದೆ ಕಟ್ತೀನೋ ಇಲ್ವೋ ಅದೂ ಗೊತ್ತಿಲ್ಲ. ಮಾಮ "ಚೆನ್ನಾಗಿದೆ" ಅಂದಿದ್ದು ಇದನ್ನೇ. ಅಲ್ಲಿ ಆ ಚೀಲದಂಥ ಸೊಟ್ಟ ಗೂಡು, ಇಲ್ಲಿ ಇದು. ಕೊಕ್ಕು ತೆರೆದೆ. ಮುಚ್ಚಿದೆ. ತೆರೆದೆ. ಮುಚ್ಚಿದೆ.

"ಬಿರುಸಾ!" ಹೊಂಬಿ ಕೂಗಿದ್ಲು. ಆ ದನಿ ಹಿಂದೆ ಯಾವತ್ತೂ ಕೇಳಿರಲಿಲ್ಲ.

ಕಣ್ಣು ಮುಚ್ಕೊಂಡು ಮೊದಲನೇ ಸೀಳು ಎಳೆದೆ.

ಅಯ್ಯೋ ಅಮ್ಮಾ! ನನ್ನ ಪುಕ್ಕ ನಾನೇ ಕಿತ್ತ ಹಾಗಾಯ್ತು. ಎರಡನೇದು ಎಳೆದೆ. ಮೂರನೇದು. ಆಮೇಲೆ ಎಣಿಸಲಿಲ್ಲ. ಬಾಯಿ ತುಂಬ ಹಿಡ್ಕೊಂಡು ಹಾರಿ ಬಂದೆ. ಅಲ್ಲಿ ನೋಡಿದ್ರೆ ಇನ್ನೊಂದು ಪೇಚು! ಜಡೆ ಬಿಚ್ಚುವಾಗ ಸೀಳೆಲ್ಲ ತುಂಡು ತುಂಡಾಗಿತ್ತು. ಗೇಣುದ್ದ ಇರಬೇಕಾದ್ದು ಬೆರಳುದ್ದ ಆಗಿತ್ತು. ಈ ಮೋಟು ಸೀಳಲ್ಲಿ ಅಡ್ಡಕಟ್ಟೆ ಹೆಣೆಯೋದು ಹೇಗೆ? ಒಂದು ತುದಿ ಸಿಕ್ಕಿಸಿದ್ರೆ ಇನ್ನೊಂದು ತುದಿ ಮುಟ್ಟಲ್ಲ.

"ಆಗಲ್ಲ ಹೊಂಬಿ, ಇದು ಮುಟ್ಟಲ್ಲ!"

"ಮುಟ್ಟೋ ಹಾಗೆ ಮಾಡು!" ಅಂದ್ಲು ಅವಳು. ಬೆನ್ನಿಗೆ ಮೊಟ್ಟೆ ಆನಿಸ್ಕೊಂಡು ಬೇರೆ ಏನು ಹೇಳ್ತಾಳೆ ಪಾಪ!

ಆಗ ನನ್ನ ಕೊಕ್ಕಿಗೆ ನೆನಪಾಯ್ತು. ತಲೆಗಲ್ಲ, ಕೊಕ್ಕಿಗೆ! ಮೂರು ದಿನ ಅದು ಮಾಡಿದ್ದು ಬರೀ ಅದನ್ನೇ ತಾನೆ? ಮೂರು ಮೋಟು ಸೀಳು ಸೇರಿಸಿ ಒಂದು ಜಡೆ. ಆ ಜಡೆ ತುದಿಗೆ ಇನ್ನು ಮೂರು ಮೋಟು. ಮೋಟು ಮೋಟು ಸೇರಿ ಉದ್ದ ಆಯ್ತು! ನಾನು ಬೇರೆ ಗೂಡಿಗೆ ಅಂತ ಕಂಡುಹಿಡಿದಿದ್ದು ಈ ಗೂಡಿಗೆ ಬಂದು ಕೂತಿತು. ಒಂದು ಜಡೆ ಈ ಗೋಡೆಯಿಂದ ಆ ಗೋಡೆಗೆ. ಮತ್ತೆ ಆಚೆ ಬದಿಗೆ, ಮತ್ತೆ ಬಾಯಿ ತುಂಬ, ಇನ್ನೊಂದು ಜಡೆ. ಮಳೆ ಹನಿ ಬೀಳ್ತಿತ್ತು, ಕಲ್ಲು ಹೊಡೆದ ಹಾಗೆ. ಬೇಜಾರು? ಯಾವ ಬೇಜಾರು! ಬೇಜಾರು ಮಾಡ್ಕೊಳ್ಳೋಕೆ ಪುರುಸೊತ್ತೆಲ್ಲಿತ್ತು!

ಐದು ಜಡೆ ಹಾಕಿದ್ಮೇಲೆ ಹೊಂಬಿ ಮೆಲ್ಲಗೆ ಪಕ್ಕಕ್ಕೆ ಸರಿದ್ಲು. ಗೂಡು ಜೋರಾಗಿ ವಾಲಿತು. ಮೊಟ್ಟೆ ಉರುಳಿತು. ಉರುಳಿತು... ಉರುಳಿತು...

ಟಕ್. ಕಟ್ಟೆಗೆ ತಗುಲಿ ನಿಂತಿತು.

ಗೂಡು ಇನ್ನೊಂದ್ಸಲ ವಾಲಿತು. ಮೊಟ್ಟೆ ಮತ್ತೆ ಉರುಳಿ ಬಂದು ನಿಂತಿತು. ಅಲ್ಲೇ ನಿಂತಿತು.

ಹೊಂಬಿ ಮೊಟ್ಟೆ ಮೇಲೆ ಕೂತ್ಕೊಂಡ್ಲು. ಕಣ್ಣು ಮುಚ್ಚಿದ್ಲು. "ಹೂಂ" ಅಂದ್ಲು, ಅಷ್ಟೇ. ನಂಗೆ ಸಾಕಾಯ್ತು.

ಆಮೇಲಿನದ್ದು ಕೇಳಿ, ಇದು ನಾನು ನಿಮಗೆ ನಿಜ ಹೇಳ್ಬೇಕು. ಗಾಳಿ ನಿಂತ ಮೇಲೆ ತೋಳು ಕಟ್ಟೋ ಕೆಲಸ ಬಾಕಿ ಇತ್ತು. ಮಾರನೇ ದಿನ ಗದ್ದೆ ಬದುವಿಂದ ಹುಲ್ಲು ತಂದೆ. ಅದರ ಮಾರನೇ ದಿನ ಬೇಜಾರು ಮತ್ತೆ ಬಂತು! ಗಾಳಿಯಿಲ್ಲ, ಮಳೆಯಿಲ್ಲ, ಯಾರೂ ಕೂಗ್ತಿಲ್ಲ, ಮೇಲೆ ಕೆಳಗೆ ಮೇಲೆ ಕೆಳಗೆ. ಪಕ್ಕದ ಗರಿ ಕಣ್ಣು ಹೊಡೀತು, ನಿಜವಾಗ್ಲೂ. ಒಂದು ಹೊಸ ಐಡಿಯಾನೂ ಬಂತು, ತೋಳಿನ ತುದಿ ಸ್ವಲ್ಪ ಒಳಕ್ಕೆ ತಿರುಗಿಸಿದ್ರೆ ಹಾವು ಒಳಗೆ ನುಗ್ಗೋಕಾಗಲ್ಲ ಅಂತ. ಹೊಸ ಗೂಡು ಶುರು ಮಾಡೋಕೆ ಎಷ್ಟು ಒಳ್ಳೇ ಐಡಿಯಾ! ಒಂದು ಗಳಿಗೆ ಆ ಗರಿ ಮೇಲೆ ಹೋಗಿ ಕೂತೂ ಬಿಟ್ಟೆ.

ಆಮೇಲೆ ಎದ್ದು ಬಂದೆ. ಆ ಐಡಿಯಾನ ಇದೇ ತೋಳಿಗೆ ಹಾಕಿದೆ. ಕಾಲೆತ್ತಿ ಕಾಲಿಟ್ಟೆ. ಇವತ್ತು ಬೆಳಿಗ್ಗೆ ಕೊನೇ ಸೀಳು ಸಿಕ್ಕಿಸಿದೆ, ಹಿಂದಕ್ಕೆ ಹಾರಿ ನೋಡಿದೆ, ಇನ್ನು ಮಾಡೋದೇನೂ ಉಳಿದಿರಲಿಲ್ಲ! ಏನೂ! ಮಾಡೋದು ಉಳಿದಿಲ್ಲ ಅಂದ್ರೆ ಹೇಗಿರುತ್ತೆ ಅಂತ ನಂಗೆ ಅಲ್ಲೀವರೆಗೆ ಗೊತ್ತೇ ಇರಲಿಲ್ಲ. ಗೂಡು ಈಗಲೂ ಸೊಟ್ಟಾನೇ. ಒಂದು ಕಡೆ ಹೊಟ್ಟೆ ಉಬ್ಬಿದೆ, ಅಡ್ಡಕಟ್ಟೆ ಒಂದು ಬಣ್ಣ, ಗೋಡೆ ಒಂದು ಬಣ್ಣ. ಒಳಗೆ ಈಗ ಮೂರು ಮೊಟ್ಟೆ ಇದೆ, ಹೊಂಬಿ ಇದ್ದಾಳೆ, ತೋಳಿಂದ ತಲೆ ಹೊರಗೆ ಹಾಕಿ "ಗಲಾಟೆ ಮಾಡ್ಬೇಡ, ಮಲಗಿದ್ದೀನಿ" ಅಂತ ಬೈದಿದ್ದೂ ಆಯ್ತು. ಅದಕ್ಕೇ ನಾನು ನಿಮಗೆ ಹೇಳೋಕೆ ಇಲ್ಲಿಗೆ ಓಡಿ ಬಂದಿದ್ದು.

ಆದ್ರೆ ಆಚೆ ಬದೀಲಿ, ಆ ಹೊಸ ಗರಿ ತುದೀಲಿ, ಒಂದು ಬಳೆ ಮಾತ್ರ ಉಳಿದಿದೆ. ನನ್ನ ಏಳನೇ ಟೋಪಿಯ ಬಳೆ. ಗಾಳಿ ಬಂದಾಗ ಖಾಲಿ ತಿರುಗುತ್ತೆ. ಈಗಲೂ ಅಲ್ಲಿಗೆ ಹಾರಿ ಹೋಗಿ ಅದರ ಸುತ್ತ ಒಂದು ಸುತ್ತು ಹಾಕಿ ಬರ್ತೀನಿ, ಸುಳ್ಳು ಯಾಕೆ ಹೇಳಲಿ. ಅಷ್ಟು ಚೆಂದದ್ದು ನಾನು ಕಟ್ಟಿದ್ದು ಅದೊಂದೇ. ನೀವೇ ಹೇಳಿ, ಆ ಗಾಳೀಲಿ, ಅದರ ಮೇಲೆ ಕೂತು, ಕೊಕ್ಕು ತೆರೆದು ಮುಚ್ಚಿ ಮಾಡ್ತಿದ್ದಾಗ ನನ್ನ ಜಾಗದಲ್ಲಿ ನೀವಿದ್ದಿದ್ರೆ, ಏನು ಮಾಡ್ತಿದ್ರಿ?

ನೀತಿ: ಶುರು ಮಾಡಿದ ಕೆಲಸ ನಡುವಿಗೆ ಬಂದಾಗ ಬೇಜಾರು ಎಲ್ಲರಿಗೂ ಆಗುತ್ತೆ, ಆಗ ಹೊಸದಕ್ಕೆ ಹಾರಬೇಡಿ, ಹೊಸದಾಗಿ ಹೊಳೆದದ್ದನ್ನೂ ಅದರೊಳಗೇ ಹೆಣೆದು ಅದನ್ನ ಮುಗಿಸಿ.